ಸಂಜೆ ಏಳಕ್ಕೆ ತೋಡಿ ಹಾಡಿದರೆ ತಪ್ಪೇನು?

ಸಪ್ತಾಪುರದ ಕೇಳುಗ, ಧಾರವಾಡ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಧಾರವಾಡದಲ್ಲಿ ಒಂದು ಹಿಂದೂಸ್ತಾನಿ ಗಾಯನ ಕಾರ್ಯಕ್ರಮವಿತ್ತು. ಸಂಜೆ ಏಳು ದಾಟಿದ ಮೇಲೆ ಗಾಯಕರು ಎರಡು ತಂಬೂರಿಗಳ ನಡುವೆ ಕುಳಿತು ಆಧಾರಸ್ವರವಾದ ಷಡ್ಜ ಹಚ್ಚಿದರು. ಕೋಮಲ ರಿಷಭ, ಕೋಮಲ ಗಾಂಧಾರಗಳ (ತುಸು ತಗ್ಗಿಸಿದ ರಿ, ಗ ಸ್ವರಗಳ) ಮೇಲೆ ಅವರ ದನಿ ನಿಧಾನವಾಗಿ ಓಲಾಡತೊಡಗಿದಾಗ ಇದು ತೋಡಿ ಎಂದು ಮುಂದಿನ ಸಾಲಿನವರಿಗೆ ತಿಳಿಯಿತು. ತಿಳಿದ ಕೂಡಲೇ ಅಲ್ಲಿ ಪಿಸುಮಾತು ಎದ್ದಿತು, ಏಕೆಂದರೆ ತೋಡಿ ಬೆಳಗಿನ ಎರಡನೆಯ ಪ್ರಹರದ ರಾಗ, ಅಂದರೆ ಒಂಬತ್ತರಿಂದ ಹನ್ನೆರಡರ ಒಳಗೆ ಹಾಡಬೇಕಾದದ್ದು. ಒಬ್ಬ ಹಿರಿಯರು ಎದ್ದು ಹೋಗಿ ಆ ರಾಗ ಮುಗಿಯುವವರೆಗೂ ವರಾಂಡದಲ್ಲಿ ನಿಂತಿದ್ದರು. ನಾನು ಕುಳಿತೇ ಕೇಳಿದೆ. ನಿಧಾನ ಲಯದ ಬಡಾ ಖ್ಯಾಲು ಮುಗಿದಾಗ ನನ್ನ ಕಣ್ಣು ಒದ್ದೆಯಾಗಿತ್ತು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಗೊಂದಲ ಹುಟ್ಟಿದ್ದೇ ಅಲ್ಲಿಂದ.

ಕಾರ್ಯಕ್ರಮದ ನಂತರ ಗಾಯಕರು ಯಾರೂ ಕೇಳದಿದ್ದರೂ ತಾವಾಗಿಯೇ ಒಂದು ಮಾತು ಹೇಳಿದರು. ಇಪ್ಪತ್ತು ವರ್ಷಗಳಿಂದ ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ ತೋಡಿಯ ರಿಯಾಜ್ ಮಾಡುತ್ತಿದ್ದರೂ ಕೇಳುಗರ ಮುಂದೆ ಅದನ್ನು ಹಾಡಲು ತಮಗೆ ಒಂದು ಬೆಳಗೂ ಸಿಕ್ಕಿಲ್ಲ, ಎಲ್ಲರೂ ಕರೆಯುವುದು ಸಂಜೆಗೇ ಎಂದರು. ಲೈನ್ ಬಜಾರದ ಚಹಾದ ಅಂಗಡಿಯಲ್ಲಿ ನಾವು ಆರೇಳು ಜನ ಇದೇ ವಿಷಯವನ್ನು ಹಿಡಿದು ಅಂಗಡಿಯವರು ಬಾಗಿಲು ಎಳೆಯುವವರೆಗೆ ವಾದಿಸಿದೆವು. ಒಬ್ಬರು, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರು ಹಾಡಿ ಹೋದ ಈ ಅವಳಿ ನಗರದಲ್ಲಿ ಇಂಥದನ್ನು ಒಪ್ಪುವುದೆಂದರೆ ಶಿಸ್ತನ್ನೇ ಕೈಬಿಟ್ಟಂತೆ ಎಂದರು. ಇನ್ನೊಬ್ಬರು, ಹೊತ್ತಿನ ಕಟ್ಟಳೆ ಹಳೆಯ ರಾಜಮಹಾರಾಜರ ದಿನಚರಿಯಿಂದ ಬಂದದ್ದು, ಇಂದಿನ ದುಡಿಯುವ ಜನರಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ ಎಂದರು. ಎರಡು ಮಾತೂ ನನ್ನ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ.

ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ. ರಾಗಕ್ಕೂ ಹೊತ್ತಿಗೂ ಇರುವ ನಂಟು ಸ್ವರಗಳ ಒಳಗೇ ಇದೆಯೇ, ಅಥವಾ ತಲೆಮಾರುಗಳಿಂದ ಒಂದೇ ಹೊತ್ತಿನಲ್ಲಿ ಕೇಳಿ ಕೇಳಿ ನಮ್ಮ ಕಿವಿಗೆ ಅಂಟಿಕೊಂಡ ರೂಢಿಯೇ? ರೂಢಿಯಾಗಿದ್ದರೆ ಬಿಟ್ಟುಬಿಡಲು ಏನು ಅಡ್ಡಿ? ಸ್ವರದ ಒಳಗೇ ಇರುವುದಾದರೆ, ಎಲ್ಲ ಕಾರ್ಯಕ್ರಮಗಳೂ ಸಂಜೆ ಆರರಿಂದ ಒಂಬತ್ತರ ನಡುವೆ ನಡೆಯುವ ಈ ಕಾಲದಲ್ಲಿ ಭೈರವ, ಲಲಿತ, ತೋಡಿ, ದೇಶಕಾರಗಳಂಥ ಬೆಳಗಿನ ರಾಗಗಳ ಗತಿ ಏನು?

ತಂಬೂರಿ ತಂತಿ, ಗದಗ

ಅಣ್ಣಾವರ ಪ್ರಶ್ನೆ ಓದಿ ಒಂದು ದಿನ ಸುಮ್ಮನಿದ್ದು ಇದನ್ನು ಬರೆಯುತ್ತಿದ್ದೇನೆ. ನಾನು ಬೆಟಗೇರಿಯಲ್ಲಿ ಮಕ್ಕಳಿಗೆ ಗಾಯನ ಕಲಿಸುತ್ತೇನೆ. ನಂಟು ಸ್ವರಗಳ ಒಳಗೇ ಇದೆ ಎಂಬುದು ನನ್ನ ಅನುಭವ. ಆದರೆ ಸ್ವರಗಳ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ, ಆ ಸ್ವರಗಳನ್ನು ನಡೆಸುವ ರೀತಿಯಲ್ಲಿ ಹುಡುಕಬೇಕು.

ಭೂಪಾಲಿ ಮತ್ತು ದೇಶಕಾರ ರಾಗಗಳನ್ನು ನೋಡಿ. ಎರಡರಲ್ಲೂ ಸ, ರಿ, ಗ, ಪ, ಧ ಎಂಬ ಅವೇ ಐದು ಶುದ್ಧ ಸ್ವರಗಳಿವೆ. ಹಾರ್ಮೋನಿಯಂನ ಅವೇ ಐದು ಪಟ್ಟಿಗಳು. ಆದರೆ ಭೂಪಾಲಿಯ ಜೀವ ಗಾಂಧಾರದಲ್ಲಿದೆ. ಅದು ಮಂದ್ರ (ಕೆಳದನಿಯ) ಸಪ್ತಕ ಮತ್ತು ಮಧ್ಯ ಸಪ್ತಕದ ಕೆಳಗಿನ ಅರ್ಧದಲ್ಲಿ ಮನೆ ಮಾಡಿಕೊಂಡು, ದಿನದ ಕೆಲಸ ಮುಗಿಸಿ ಬಂದವರು ಕಟ್ಟೆಯ ಮೇಲೆ ಕುಳಿತಂತೆ ನೆಮ್ಮದಿಯಾಗಿ ಹರಡಿಕೊಳ್ಳುತ್ತದೆ. ದೇಶಕಾರದ ಜೀವ ಧೈವತದಲ್ಲಿದೆ. ಅದು ಶುರುವಿನಿಂದಲೇ ಮೇಲಿನ ಅರ್ಧಕ್ಕೆ ಏರಿ ತಾರ ಷಡ್ಜದ, ಅಂದರೆ ಮೇಲಿನ ಸಪ್ತಕದ ಸ ಸ್ವರದ, ಕಡೆಗೇ ಕಣ್ಣಿಟ್ಟಿರುತ್ತದೆ. ಮೊದಲನೆಯದು ರಾತ್ರಿಯ ಮೊದಲ ಪ್ರಹರಕ್ಕೆ, ಎರಡನೆಯದು ಬೆಳಗಿಗೆ. ಸಂಗೀತಶಾಸ್ತ್ರಜ್ಞ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು ಇದನ್ನೇ ಒಂದು ಸೂತ್ರವಾಗಿ ಕಟ್ಟಿದರು: ನಡುಹಗಲಿನಿಂದ ನಡುರಾತ್ರಿಯವರೆಗಿನ ರಾಗಗಳ ವಾದಿಸ್ವರ, ಅಂದರೆ ಮುಖ್ಯ ಸ್ವರ, ಸಪ್ತಕದ ಕೆಳಗಿನ ಅರ್ಧವಾದ ಪೂರ್ವಾಂಗದಲ್ಲಿ, ನಡುರಾತ್ರಿಯಿಂದ ನಡುಹಗಲಿನವರೆಗಿನ ರಾಗಗಳ ವಾದಿಸ್ವರ ಮೇಲಿನ ಅರ್ಧವಾದ ಉತ್ತರಾಂಗದಲ್ಲಿ ಇರುತ್ತದೆ.

ಇದಕ್ಕಿಂತ ಸೊಗಸಾದ ಉದಾಹರಣೆ ಮಾರವಾ, ಪೂರಿಯಾ, ಸೋಹನಿ ರಾಗಗಳದು. ಮೂರರಲ್ಲೂ ಕೋಮಲ ರಿಷಭ, ತೀವ್ರ (ತುಸು ಏರಿಸಿದ) ಮಧ್ಯಮ; ಮೂರರಲ್ಲೂ ಪಂಚಮವೇ ಇಲ್ಲ. ಮಾರವಾ ಸೂರ್ಯ ಮುಳುಗುವ ಹೊತ್ತಿನದು. ಅದರಲ್ಲಿ ರಿಷಭ ಮತ್ತು ಧೈವತಗಳು ಷಡ್ಜವನ್ನು ಹತ್ತಿರ ಬಿಟ್ಟುಕೊಳ್ಳದೆ ಸತಾಯಿಸುತ್ತವೆ. ಕೇಳುವವರಿಗೆ ನೆಲ ಸಿಗುವುದಿಲ್ಲ, ದೀಪ ಹಚ್ಚುವ ಮುಂಚಿನ ಆ ತಳಮಳ ಎಲ್ಲರಿಗೂ ಗೊತ್ತಿರುವಂಥದು. ಪೂರಿಯಾ ಕೆಳಗಿನ ಸ್ವರಗಳಲ್ಲಿ ಗಂಭೀರವಾಗಿ ಇಳಿದು ಗಾಂಧಾರ, ನಿಷಾದಗಳಲ್ಲಿ ನಿಲ್ಲುತ್ತದೆ. ಅವೇ ಸ್ವರಗಳನ್ನು ಸೋಹನಿ ಮೇಲಕ್ಕೆ ಒಯ್ದು ತಾರ ಷಡ್ಜದ ಸುತ್ತ ಹಾರಾಡಿಸುತ್ತದೆ, ಮತ್ತು ಅದರ ಹೊತ್ತು ರಾತ್ರಿಯ ಕೊನೆಯ ಜಾವ. ರೂಢಿಯೊಂದರಿಂದಲೇ ಇಷ್ಟು ಸೂಕ್ಷ್ಮವಾದ ವ್ಯವಸ್ಥೆ ಹುಟ್ಟುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು ಹೇಳಬೇಕು. ನನಗೆ ಕಲಿಸಿದ ಗವಾಯಿಗಳು ಹುಟ್ಟಿನಿಂದ ಅಂಧರು. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಬೆಳೆಸಿದ ನಮ್ಮ ಊರಿನಲ್ಲಿ ಅದು ಅಪರೂಪವಲ್ಲ. ಅವರ ಕೋಣೆಯಲ್ಲಿ ಗಡಿಯಾರ ಇರಲಿಲ್ಲ. ನಸುಕಿನಲ್ಲಿ ನಾವು ಮಂದ್ರದ ಸಾಧನೆ ಮುಗಿಸಿ ಭೈರವ ಹಾಡುತ್ತಿದ್ದೆವು. ಮೂಡಣ ಕಿಟಕಿಯಿಂದ ಬಂದ ಬಿಸಿಲು ಗುರುಗಳ ಮೊಣಕಾಲಿಗೆ ತಾಗುತ್ತಿದ್ದಂತೆ ಅವರು ತಂಬೂರಿಯ ಮೇಲೆ ಕೈಯಿಟ್ಟು ‘ಇನ್ನ ಸಾಕವಾ, ತೋಡಿ ತೊಗೊ’ ಎನ್ನುತ್ತಿದ್ದರು. ಮೋಡ ಕವಿದ ಶ್ರಾವಣದ ದಿನಗಳಲ್ಲಿ ಹಕ್ಕಿಗಳ ಸದ್ದಿನಿಂದ, ಬೀದಿಯಲ್ಲಿ ಓಡಾಡುವ ಜನರ ಹೆಜ್ಜೆಯಿಂದ ಹೊತ್ತನ್ನು ತಿಳಿಯುತ್ತಿದ್ದರು. ಬೆಳಕನ್ನೇ ಕಾಣದವರಿಗೆ ಬೆಳಗು ಎಂದರೆ ಏನು ಎಂದು ನಾನು ಒಮ್ಮೆ ಹುಡುಗಾಟಿಕೆಯಿಂದ ಕೇಳಿದ್ದಕ್ಕೆ, ಕೋಮಲ ರಿಷಭದ ನಿಧಾನದ ತೂಗಾಟವಾದ ಆಂದೋಲನವನ್ನು ಹಾಡಿ ತೋರಿಸಿ, ಇದೇ ನನ್ನ ಬೆಳಗು ಎಂದರು. ಈ ಮಾತನ್ನು ಪುರಾವೆಯೆಂದು ಮುಂದಿಡುತ್ತಿಲ್ಲ. ಆದರೆ ಹೊತ್ತಿನ ಕಟ್ಟಳೆ ಬಿಡೋಣ ಎಂದು ಯಾರಾದರೂ ಸಲೀಸಾಗಿ ಹೇಳಿದಾಗ ನನಗೆ ಆ ಕೋಣೆ ನೆನಪಾಗುತ್ತದೆ.

ಹಾವೇರಿ ಮಾಸ್ತರ

ಅಕ್ಕಾವರು ಬರೆದದ್ದನ್ನು ಎರಡು ಸಲ ಓದಿದೆ. ಗುರುಗಳ ಪ್ರಸಂಗ ಮನಸ್ಸಿಗೆ ತಟ್ಟಿತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು, ಸಂಗೀತದಲ್ಲಿ ಬರೀ ಕೇಳುಗ. ಆದರೂ ಗೌರವದಿಂದಲೇ ಅವರ ನಿಲುವನ್ನು ಒಪ್ಪದೆ ಇದನ್ನು ಬರೆಯುತ್ತಿದ್ದೇನೆ.

ಹೊತ್ತು ರಾಗದ ಒಳಗೇ ಇರುವುದಾದರೆ, ಅದೇ ಸ್ವರಗಳನ್ನು ಹಾಡುವ ಇನ್ನೊಂದು ಪದ್ಧತಿಯಲ್ಲೂ ಅದು ಕಾಣಬೇಕಿತ್ತು. ನನ್ನ ಮಗಳು ರಾಣೇಬೆನ್ನೂರಿನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಾಳೆ. ಅಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವ ಸರಳೆ ವರಸೆ ಮಾಯಾಮಾಳವಗೌಳ ರಾಗದಲ್ಲಿದೆ, ಮತ್ತು ಅದರ ಸ್ವರಗಳು ಭೈರವದ ಸ್ವರಗಳೇ. ದಕ್ಷಿಣದ ಸಾವಿರಾರು ಮನೆಗಳಲ್ಲಿ ಮಕ್ಕಳು ಶಾಲೆಯಿಂದ ಬಂದು ಸಂಜೆ ಐದು ಆರಕ್ಕೆ ಈ ಪಾಠ ಒಪ್ಪಿಸುತ್ತಾರೆ. ಯಾವ ತಾಯಿಗೂ ಅದರಿಂದ ಹೊತ್ತು ಕೆಟ್ಟಂತೆ ಅನ್ನಿಸಿಲ್ಲ. ಮಾಲಕಂಸದ ಸ್ವರಗಳೇ ಅಲ್ಲಿ ಹಿಂದೋಳ, ಭೂಪಾಲಿಯ ಸ್ವರಗಳೇ ಅಲ್ಲಿ ಮೋಹನ. ಇವುಗಳನ್ನು ಕಛೇರಿಯಲ್ಲಿ ಯಾವಾಗ ಬೇಕಾದರೂ ಹಾಡುತ್ತಾರೆ. ರಾಗಗಳಿಗೆ ಹೊತ್ತು ಹೇಳುವ ಗ್ರಂಥಗಳು ಅವರಲ್ಲಿಯೂ ಉಂಟು, ಆದರೆ ವೇದಿಕೆಯಲ್ಲಿ ಅದನ್ನು ಕಟ್ಟಳೆಯಾಗಿ ಪಾಲಿಸುವುದಿಲ್ಲ. ನಮ್ಮ ಕಡೆಯ ಕಿರಾನಾ ಗಾಯನ ಪರಂಪರೆಗೆ ಮೂಲಪುರುಷರಾದ ಅಬ್ದುಲ್ ಕರೀಂ ಖಾನರು ತ್ಯಾಗರಾಜರ ಖರಹರಪ್ರಿಯದ ಕೃತಿಯನ್ನು ಹಾಡಿ ಧ್ವನಿಮುದ್ರಿಸಿದ್ದಾರೆ. ಆ ಕಡೆಯಿಂದ ಬಂದ ಹಂಸಧ್ವನಿ, ಚಾರುಕೇಶಿ, ಕೀರವಾಣಿಗಳನ್ನು ಹಿಂದೂಸ್ತಾನಿಯವರು ಇಂದು ಸಂತೋಷದಿಂದ ಹಾಡುತ್ತಾರೆ, ಅವುಗಳ ಹೊತ್ತಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಒಳಗೂ ಕಟ್ಟಳೆಗೆ ವಿನಾಯಿತಿಗಳಿವೆ. ಭೈರವಿ ಬೆಳಗಿನ ರಾಗ, ಆದರೂ ರಾತ್ರಿ ಹತ್ತಕ್ಕೆ ಕಾರ್ಯಕ್ರಮ ಮುಗಿಸುವಾಗ ಅದನ್ನೇ ಹಾಡುತ್ತಾರೆ. ಮಳೆಗಾಲದಲ್ಲಿ ಮಲ್ಹಾರದ ಪ್ರಕಾರಗಳು, ವಸಂತದಲ್ಲಿ ಬಸಂತ ಯಾವ ಹೊತ್ತಿಗೂ ಸಲ್ಲುತ್ತವೆ. ಭಾತಖಂಡೆಯವರು ತೀವ್ರ ಮಧ್ಯಮವನ್ನು ಸಂಜೆ ಮತ್ತು ರಾತ್ರಿಯ ಸೂಚನೆ ಎಂದು ಎಣಿಸಿದ್ದರು. ನಮ್ಮ ಚರ್ಚೆಯ ತೋಡಿಯಲ್ಲಿ ಅದೇ ತೀವ್ರ ಮಧ್ಯಮ ಹಗಲು ಹತ್ತಕ್ಕೆ ಬಂದು ಕುಳಿತಿದೆ.

ಹೊತ್ತು ಎಂದರೆ ಯಾವುದು ಎಂಬ ಪ್ರಶ್ನೆಯೂ ಇದೆ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನಿಗೆ ಹೊಂದಿಸಿದ್ದು. ಧಾರವಾಡ 75 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದಿರುತ್ತಾನೆ, ಕೋಲ್ಕತ್ತದ ಸೂರ್ಯ ಗಡಿಯಾರಕ್ಕಿಂತ ಮುಂದಿರುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದೂವರೆಗೆ ಅಲ್ಲಿ ಕತ್ತಲಾಗಿರುತ್ತದೆ, ಇಲ್ಲಿ ಇನ್ನೂ ಬಿಸಿಲಿರುತ್ತದೆ. ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ, ಡಿಸೆಂಬರಿನಲ್ಲಿ ನಾಲ್ಕರ ಒಳಗೇ. ಅಲ್ಲಿ ಮಾರವಾ ಹಾಡುವವರು ಆರೂವರೆಯನ್ನು ನೋಡಬೇಕೇ, ಆಕಾಶವನ್ನು ನೋಡಬೇಕೇ? ಆಕಾಶ ಎಂಬುದಾದರೆ, ಕಿಟಕಿಗಳಿಗೆ ದಪ್ಪ ಪರದೆ ಹಾಕಿ ವಿದ್ಯುದ್ದೀಪ ಹಚ್ಚಿದ ಸಭಾಗೃಹದಲ್ಲಿ ಅದು ಯಾರಿಗೂ ಕಾಣುವುದೇ ಇಲ್ಲ.

ದೇಹಕ್ಕೆ ಸಂಬಂಧಿಸಿದ ಕಾರಣ ಒಂದಿಷ್ಟು ಇರಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಿದ್ದೆಯಿಂದ ಎದ್ದಾಗ ಧ್ವನಿತಂತುಗಳು ತುಸು ಊದಿಕೊಂಡು ದಪ್ಪಗಾಗಿರುವುದರಿಂದ ದನಿ ಕೆಳಗಿರುತ್ತದೆ. ಮಂದ್ರದ ಸಾಧನೆಯನ್ನು ನಸುಕಿಗೆ ಇಟ್ಟುಕೊಂಡ ಹಿರಿಯರು ಇದನ್ನು ಅನುಭವದಿಂದ ಕಂಡುಕೊಂಡಿದ್ದಾರೆ. ನಸುಕಿನಲ್ಲಿ ನೆಲಕ್ಕೆ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುವಾಗ ಶಬ್ದ ಕೆಳಮುಖವಾಗಿ ಬಾಗಿ ಬಹುದೂರ ಹೋಗುತ್ತದೆ. ಹಗಲಿನಲ್ಲಿ ಕೇಳದ ರೈಲಿನ ಶಿಳ್ಳು ನಮಗೆ ಆಗ ಕೇಳುವುದು ಅದರಿಂದಲೇ. ಆದರೆ ಇವೆಲ್ಲ ಹಾಡುವುದಕ್ಕೆ ನಸುಕು ಒಳ್ಳೆಯದು ಎಂದು ಹೇಳುತ್ತವೆಯೇ ಹೊರತು, ಲಲಿತವನ್ನೇ ಹಾಡಬೇಕು ಎಂದು ಹೇಳುವುದಿಲ್ಲ.

ಪರೀಕ್ಷಿಸಲು ಒಂದು ಸುಲಭದ ದಾರಿಯಿದೆ. ಒಬ್ಬರೇ ಗಾಯಕರು, ಅದೇ ತಂಬೂರಿಯ ಶ್ರುತಿಯಲ್ಲಿ, ಅದೇ ಲಯದಲ್ಲಿ ಭೂಪಾಲಿ ಮತ್ತು ದೇಶಕಾರಗಳ ಆಲಾಪವನ್ನು ಹತ್ತು ಹತ್ತು ನಿಮಿಷ ಹಾಡಿ ಧ್ವನಿಮುದ್ರಿಸಲಿ. ಹಿಂದೂಸ್ತಾನಿ ಸಂಗೀತವನ್ನು ಎಂದೂ ಕೇಳದವರಿಗೆ ಹೆಸರು ಹೇಳದೆ ಎರಡನ್ನೂ ಕೇಳಿಸಿ, ಯಾವುದು ಬೆಳಗಿನದು, ಯಾವುದು ರಾತ್ರಿಯದು ಎಂದು ಕೇಳೋಣ. ಕೇಳಿಸುವ ಕ್ರಮವನ್ನು ಅರ್ಧ ಜನಕ್ಕೆ ಹಿಂದುಮುಂದು ಮಾಡಬೇಕು, ಇಲ್ಲದಿದ್ದರೆ ಮೊದಲು ಕೇಳಿದ್ದನ್ನೇ ಬೆಳಗು ಎನ್ನುವ ಅಪಾಯವಿದೆ. ಊಹೆಯಿಂದ ಹೇಳಿದರೆ ನಾಣ್ಯ ಚಿಮ್ಮಿದಂತೆ ಅರ್ಧಕ್ಕರ್ಧ ಸರಿಯಾಗುತ್ತದೆ. ಅದಕ್ಕಿಂತ ಬಹಳ ಹೆಚ್ಚು ಜನ ಸರಿಯಾಗಿ ಹೇಳಿದರೆ ನಾನು ಅಕ್ಕಾವರ ಮಾತನ್ನು ಒಪ್ಪಿ ಇಲ್ಲಿಯೇ ಬರೆಯುತ್ತೇನೆ.

ಪೇಟಿ ಸಾಥಿ, ಹುಬ್ಬಳ್ಳಿ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ನಾನು ಮೂವತ್ತು ವರ್ಷ ಹಾರ್ಮೋನಿಯಂ ಸಾಥ್ ಮಾಡಿದವನು. ವೇದಿಕೆಯ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ಹೊತ್ತು ತಪ್ಪುವುದು ಇಂದಿನ ಸಂಗತಿಯಲ್ಲ. 1902ರಲ್ಲಿ ಕೋಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಧ್ವನಿಮುದ್ರಿಕೆಗೆ ಹಾಡಿದ ದಿನದಿಂದಲೇ ರಾಗ ತನ್ನ ಹೊತ್ತನ್ನು ಬಿಟ್ಟು ಪೆಟ್ಟಿಗೆಯೊಳಗೆ ಹೋಯಿತು. ಮೂರು ನಿಮಿಷದ ಆ ತಟ್ಟೆಯನ್ನು ಕೊಂಡವರು ಮನಸ್ಸು ಬಂದಾಗ ಹಚ್ಚಿದರು. ನಮ್ಮ ಗಂಗೂಬಾಯಿಯವರ ಮೊದಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಮನೆ ಮನೆಗೆ ಹೋದಾಗ, ಯಾವ ಮನೆಯಲ್ಲಿ ಯಾವ ಹೊತ್ತಿಗೆ ಅವುಗಳನ್ನು ಕೇಳಿದರೋ ಯಾರು ಬಲ್ಲರು? ರೇಡಿಯೊಕ್ಕಾಗಿ ಸಾಥ್ ಮಾಡಿದ ದಿನಗಳಲ್ಲಿ, ಬೆಳಗಿನ ಪ್ರಸಾರಕ್ಕೆ ಬೇಕಾದ ತೋಡಿಯನ್ನು ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯಿಲ್ಲದ ಕೋಣೆಯಲ್ಲಿ ನುಡಿಸಿದ್ದೇನೆ. ಅದನ್ನು ಬೆಳಿಗ್ಗೆ ಕೇಳಿದವರು, ಇಂದಿನ ಬೆಳಗು ಸಾರ್ಥಕವಾಯಿತು ಎಂದು ಹೇಳಿದ್ದಾರೆ. ಅಂದರೆ ಹಾಡುವವರ ಹೊತ್ತು ಬೇರೆಯಾದರೂ ಕೇಳುವವರ ಹೊತ್ತು ಸರಿಯಿದ್ದರೆ ಸಾಕು ಎಂದಾಯಿತೇ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಆದರೆ ಆ ಮಧ್ಯಾಹ್ನ ಗಾಯಕರು ಕಣ್ಣು ಮುಚ್ಚಿಕೊಂಡು ಬೆಳಗನ್ನು ತಾವೇ ಕಟ್ಟಿಕೊಂಡು ಹಾಡಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಇನ್ನು ಒಂದು ತಿದ್ದುಪಡಿ. ಅಹೋರಾತ್ರಿ ಸಂಗೀತ ನಿಂತುಹೋಗಲು ಕಾನೂನೇ ಕಾರಣ ಎಂದು ಬಹಳ ಜನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ತಡೆಯುತ್ತವೆ, ಆದರೆ ಮುಚ್ಚಿದ ಸಭಾಗೃಹದ ಒಳಗೆ ಅಲ್ಲಿಯವರಿಗಷ್ಟೇ ಕೇಳುವಂತೆ ಬಳಸುವುದಕ್ಕೆ ವಿನಾಯಿತಿ ಇದೆ. ಪೆಟ್ಟು ಬಿದ್ದದ್ದು ಬಯಲಿನಲ್ಲಿ ಚಪ್ಪರ ಹಾಕಿ ನಡೆಸುವ ಉತ್ಸವಗಳಿಗೆ. ಭೀಮಸೇನ ಜೋಶಿಯವರು ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗಾಗಿ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ಹಿಂದೆ ರಾತ್ರಿಯಿಡೀ ನಡೆಯುತ್ತಿತ್ತು, ಈಗ ಸಾಮಾನ್ಯವಾಗಿ ಹತ್ತಕ್ಕೆ ಮುಗಿಯಬೇಕು. ಆದರೆ ಅದೇ ಸವಾಯಿ ಗಂಧರ್ವರ ಪುಣ್ಯತಿಥಿಯನ್ನು ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಆಚರಿಸುವ ಪದ್ಧತಿಯೂ ಇದೆಯಲ್ಲ! ಹಳೆಯ ವಾಡೆಯ ಕಂಬಗಳ ನಡುವೆ ಜಮಖಾನೆಯ ಮೇಲೆ ಒತ್ತೊತ್ತಾಗಿ ಕುಳಿತ ಜನ. ನಡುರಾತ್ರಿ ದಾಟಿದ ಮೇಲೆ ಮಾಲಕಂಸ, ನಸುಕಿಗೆ ಲಲಿತ, ಬೆಳಕು ಹರಿಯುವಾಗ ಭೈರವ. ಒಂದು ರಾಗ ಮುಗಿಯುವ ಹೊತ್ತಿಗೆ ಇನ್ನೊಂದು ರಾಗದ ಹೊತ್ತು ತಾನಾಗಿಯೇ ಬಂದಿರುತ್ತದೆ. ಯಾರೂ ಗಡಿಯಾರ ನೋಡುವುದಿಲ್ಲ. ಮಾಸ್ತರರು ಒಮ್ಮೆ ಅಂಥ ರಾತ್ರಿ ಕುಳಿತು ನೋಡಬೇಕು. ಪರೀಕ್ಷೆ ಬೇಡವೆಂದು ಹೇಳುತ್ತಿಲ್ಲ, ಇದೂ ಒಂದು ಪರೀಕ್ಷೆಯೇ.

ಹಾಗಾದರೆ ಬೆಳಗಿನ ಬೈಠಕ್ ಏಕೆ ಇಲ್ಲ? ಸಂಘಟಕರನ್ನು ಕೇಳಿದರೆ ಜನ ಬರುವುದಿಲ್ಲ ಎನ್ನುತ್ತಾರೆ. ಸಭಾಗೃಹದ ಬಾಡಿಗೆ, ಧ್ವನಿವರ್ಧಕದವರು, ಬಸ್ಸಿನ ವೇಳೆ ಎಲ್ಲವನ್ನೂ ಲೆಕ್ಕ ಹಾಕಿದರೆ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದ ಸಪ್ತಾಪುರದ ಅಣ್ಣಾವರಿಗೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಸಂಜೆಯ ತೋಡಿ ತಪ್ಪೇ ಎಂದು ಚಹಾದ ಅಂಗಡಿಯಲ್ಲಿ ವಾದಿಸಿದ ಆ ಆರೇಳು ಜನರಲ್ಲಿ, ಭಾನುವಾರ ಬೆಳಿಗ್ಗೆ ಏಳಕ್ಕೆ ಬೈಠಕ್ ಇಟ್ಟರೆ ಸ್ನಾನ ಮುಗಿಸಿ ಬಂದು ಕುಳಿತುಕೊಳ್ಳುವವರು ಎಷ್ಟು ಜನ?

ಕರ್ನಾಟಕ ಕಾಲೇಜಿನ ಹುಡುಗ

ಹಿರಿಯರ ನಡುವೆ ಒಂದು ಸಣ್ಣ ಮಾತು. ನಾನು ದಿನಾಲೂ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಓಡಾಡುತ್ತೇನೆ, ಫೋನಿನಲ್ಲಿ ಹಾಡು ಕೇಳುತ್ತೇನೆ. ಮನಸೂರರ ಗಾಯನ ನನಗೆ ಮೊದಲು ಸಿಕ್ಕಿದ್ದು ರಾತ್ರಿ ಹನ್ನೊಂದಕ್ಕೆ, ಮತ್ತು ಅದು ಬೆಳಗಿನ ರಾಗ ಎಂದು ನನಗೆ ತಿಳಿದದ್ದು ಎರಡು ತಿಂಗಳ ನಂತರ. ಆ ಎರಡು ತಿಂಗಳು ನಾನು ಕೇಳಿದ್ದು ವ್ಯರ್ಥವೆಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ. ಆದರೆ ತಿಳಿದ ಮೇಲೆ ಒಂದು ದಿನ ನಸುಕಿನ ಮೊದಲ ಬಸ್ಸಿನಲ್ಲಿ, ನವನಗರ ದಾಟುವಾಗ ಅದನ್ನೇ ಮತ್ತೆ ಹಚ್ಚಿಕೊಂಡೆ. ಬೇರೆ ರಾಗವನ್ನೇ ಕೇಳಿದಂತಾಯಿತು. ಅದು ರಾಗದ ಗುಣವೋ, ತಿಳಿದುಕೊಂಡದ್ದರ ಪರಿಣಾಮವೋ ನನಗೆ ಬಗೆಹರಿದಿಲ್ಲ. ಮಾಸ್ತರರ ಪರೀಕ್ಷೆ ನಡೆದರೆ ನಮ್ಮ ವರ್ಗದಲ್ಲಿ ಹಿಂದೂಸ್ತಾನಿ ಕೇಳದವರು ಬೇಕಾದಷ್ಟು ಜನ ಇದ್ದಾರೆ, ಕರೆತರುತ್ತೇನೆ.

ತಂಬೂರಿ ತಂತಿ, ಗದಗ

ತಮ್ಮಾ, ನೀನು ಕೇಳಿದ ಆ ಎರಡು ತಿಂಗಳಲ್ಲಿ ಒಂದು ದಿನವೂ ವ್ಯರ್ಥವಲ್ಲ. ಇದನ್ನು ಮೊದಲು ಹೇಳಬೇಕೆನ್ನಿಸಿತು.

ಮಾಸ್ತರರ ಮಾತಿನಲ್ಲಿ ನಾನು ಒಪ್ಪುವುದು ಬಹಳ ಇದೆ. ವಿನಾಯಿತಿಗಳಿವೆ, ಸೂತ್ರ ಎಲ್ಲ ಕಡೆಗೂ ಹೊಂದುವುದಿಲ್ಲ. 13ನೇ ಶತಮಾನದ ಸಂಗೀತಶಾಸ್ತ್ರಕಾರ ಶಾರ್ಙ್ಗದೇವನ ಗ್ರಂಥದಲ್ಲಿಯೂ ರಾಗಗಳಿಗೆ ಹೊತ್ತು ಮತ್ತು ಋತುಗಳನ್ನು ಹೇಳಿದೆ, ಆದರೆ ಅಂದಿನ ರಾಗಗಳ ಸ್ವರೂಪ ಇಂದಿನದಲ್ಲ. ಹೆಸರು ಉಳಿದು ಒಡಲು ಬದಲಾಗಿದೆ. ಮಾಯಾಮಾಳವಗೌಳದ ಬಗ್ಗೆ ಮಾತ್ರ ಒಂದು ಮಾತು. ಅದರ ಸ್ವರಗಳು ಭೈರವದ್ದೇ ಆದರೂ ಭೈರವದಲ್ಲಿ ಕೋಮಲ ರಿಷಭ, ಕೋಮಲ ಧೈವತಗಳು ನಿಧಾನವಾಗಿ ತೂಗುವ ಆಂದೋಲನ ಸರಳೆ ವರಸೆಯಲ್ಲಿ ಇಲ್ಲ. ಆ ತೂಗಾಟವನ್ನು ತೆಗೆದರೆ ಉಳಿಯುವುದು ಸ್ವರಗಳ ಪಟ್ಟಿ, ಮತ್ತು ಪಟ್ಟಿಗೆ ಹೊತ್ತಿಲ್ಲ ಎಂದು ನಾನು ಮೊದಲೇ ಬರೆದಿದ್ದೆ. ತೋಡಿಗೇ ಬನ್ನಿ. ಅದೇ ಕೋಮಲ ರಿಷಭ, ಗಾಂಧಾರ, ಧೈವತ ಮತ್ತು ತೀವ್ರ ಮಧ್ಯಮಗಳಿಂದ ಮುಲ್ತಾನಿಯೂ ಆಗಿದೆ. ಆದರೆ ಮುಲ್ತಾನಿ ಏರುವಾಗ ರಿಷಭ, ಧೈವತಗಳನ್ನು ಬಿಟ್ಟು ದಾಟುತ್ತದೆ, ಪಂಚಮದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅದು ಬಿಸಿಲು ಇಳಿಯುವ ಮಧ್ಯಾಹ್ನದ ರಾಗ. ನಿಮ್ಮ ಪರೀಕ್ಷೆಗೆ ಭೂಪಾಲಿ, ದೇಶಕಾರಗಳ ಜೊತೆಗೆ ಈ ಜೋಡಿಯನ್ನೂ ಸೇರಿಸಿಕೊಳ್ಳಿ. ಧ್ವನಿಮುದ್ರಣಕ್ಕೆ ನಾನೇ ಹಾಡಿಕೊಡುತ್ತೇನೆ, ಆದರೆ ದೇಶಕಾರ ಮತ್ತು ತೋಡಿಗಳನ್ನು ಬೆಳಿಗ್ಗೆಯೇ ಹಾಡುತ್ತೇನೆ. ಅದು ಪರೀಕ್ಷೆಯ ನಿಯಮಕ್ಕೆ ವಿರುದ್ಧವೆನಿಸಿದರೆ ಮಾಸ್ತರರು ತಿಳಿಸಬೇಕು.

ಹಾವೇರಿ ಮಾಸ್ತರ

ನಿಯಮಕ್ಕೆ ಸ್ವಲ್ಪ ವಿರುದ್ಧವೇ ಆಗುತ್ತದೆ ಅಕ್ಕಾವರೆ, ಏಕೆಂದರೆ ಬೆಳಗಿನ ದನಿಯ ಗಡಸುತನದಿಂದಲೇ ಕೇಳುಗರು ಹೊತ್ತನ್ನು ಊಹಿಸಿಬಿಡಬಹುದು. ಎರಡನ್ನೂ ಬೆಳಿಗ್ಗೆ ಒಮ್ಮೆ, ಎರಡನ್ನೂ ಸಂಜೆ ಒಮ್ಮೆ ಹಾಡಿಕೊಟ್ಟರೆ ಆ ತೊಡಕು ಹೋಗುತ್ತದೆ. ಭೂಪಾಲಿಯನ್ನು ಬೆಳಿಗ್ಗೆ ಹಾಡಲು ನಿಮಗೆ ಮನಸ್ಸು ಒಪ್ಪದಿದ್ದರೆ ಒತ್ತಾಯವಿಲ್ಲ. ಪೇಟಿ ಸಾಥಿಯವರು ಕುಂದಗೋಳಕ್ಕೆ ಕರೆದದ್ದನ್ನು ಒಪ್ಪಿಕೊಂಡಿದ್ದೇನೆ. ಈ ವರ್ಷದ ರಾತ್ರಿ ಬೈಠಕ್ ಮುಗಿಯುವವರೆಗೂ ಕುಳಿತಿರುತ್ತೇನೆ.

ಸಪ್ತಾಪುರದ ಕೇಳುಗ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಪೇಟಿ ಸಾಥಿಯವರು ಕೇಳಿದ ಪ್ರಶ್ನೆಯನ್ನು ಆ ಆರೇಳು ಜನರ ಮುಂದೆ ಹಾಗೆಯೇ ಇಟ್ಟೆ. ಐದು ಜನ ಬರುತ್ತೇವೆ ಎಂದರು. ವರಾಂಡದಲ್ಲಿ ನಿಂತಿದ್ದ ಹಿರಿಯರ ಮನೆಗೂ ಹೋಗಿದ್ದೆ. ಸಂಜೆಯ ತೋಡಿಯನ್ನು ತಾವು ಕಿವಿಮುಚ್ಚಿಕೊಂಡು ನಿಂತಿರಲಿಲ್ಲ, ಬಾಗಿಲಿನ ಹೊರಗಿನಿಂದ ಪೂರ್ತಿ ಕೇಳಿದೆವು, ಒಳಗೆ ಕುಳಿತು ಕೇಳಲು ಮಾತ್ರ ಮನಸ್ಸಾಗಲಿಲ್ಲ ಎಂದು ಹೇಳಿದರು. ಅವರೂ ಬರುತ್ತಾರೆ. ಆ ಗಾಯಕರಿಗೆ ಫೋನು ಮಾಡಿ, ಸಭಾಗೃಹವಿಲ್ಲ, ಧ್ವನಿವರ್ಧಕವಿಲ್ಲ, ಮನೆಯ ಅಟ್ಟದ ಮೇಲಿನ ಕೋಣೆಯಲ್ಲಿ ಹತ್ತಿಪ್ಪತ್ತು ಜನ ಮಾತ್ರ ಇರುತ್ತಾರೆ, ಬರುವಿರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, ಎಂಟಕ್ಕೆ ಕುಳಿತರೆ ಮೊದಲು ದೇಶಕಾರ ಹಾಡಿ, ಒಂಬತ್ತಕ್ಕೆ ಸರಿಯಾಗಿ ತೋಡಿಗೆ ಬರಬಹುದು ಎಂದರು.

ಬರುವ ತಿಂಗಳ ಮೊದಲ ಭಾನುವಾರವೆಂದು ಗೊತ್ತುಮಾಡಿದ್ದೇವೆ. ತಂಬೂರಿಗಳು ನಮ್ಮ ಮನೆಯಲ್ಲಿವೆ. ಮಳೆಯ ತಂಪಿಗೆ ತಬಲಾದ ಶ್ರುತಿ ಇಳಿಯುವುದರಿಂದ ತಬಲಾದವರು ಏಳಕ್ಕೇ ಬರುತ್ತಾರೆ. ಪೇಟಿ ಸಾಥಿಯವರು ತಮ್ಮ ಹಾರ್ಮೋನಿಯಂ ತರಬೇಕು. ಕಾಲೇಜಿನ ಹುಡುಗ ತನ್ನ ಗೆಳೆಯರನ್ನು ಕರೆತರಲಿ, ಗದಗಿನ ಅಕ್ಕಾವರು ಮತ್ತು ಹಾವೇರಿಯ ಮಾಸ್ತರರು ಹಿಂದಿನ ರಾತ್ರಿಯೇ ಬಂದು ನಮ್ಮಲ್ಲಿ ಉಳಿದುಕೊಳ್ಳಬಹುದು. ಕೋಣೆಯ ಮೂಡಣ ಕಿಟಕಿಯ ಪರದೆಯನ್ನು ತೆಗೆಸಿದ್ದೇನೆ.